ಬಿದ್ದ ಕಲ್ಲನ್ನು ಎತ್ತಿಟ್ಟ ತಪ್ಪು

ಹೊನ್ನಾವರದ ನಮ್ಮ ತೋಟದ ಪಾಗಾರವನ್ನು ಗಾರೆ ಹಾಕದೆ, ಕಲ್ಲಿಗೆ ಕಲ್ಲು ಕಚ್ಚಿಸಿ ಕಟ್ಟಿದವರು ನನ್ನ ಅಜ್ಜ. ಮಳೆಗಾಲ ಮುಗಿದ ಮೇಲೆ ಜಾರಿದ ಕಲ್ಲುಗಳನ್ನು ಎತ್ತಿಡುವುದು ಮಕ್ಕಳ ಪಾಲಿನ ಕೆಲಸವಾಗಿತ್ತು. ಬಿದ್ದ ಕಲ್ಲು ಕಂಡರೆ ಕೈ ತಾನಾಗಿ ಅತ್ತ ಹೋಗುತ್ತದೆ. ಹಾಗೆ ಹೋದ ಕೈಯಿಂದಾಗಿ ಒಮ್ಮೆ ಐರ್ಲೆಂಡಿನಲ್ಲಿ ಹದಿನೆಂಟು ಜನರ ಮುಂದೆ ತಲೆ ತಗ್ಗಿಸಿ ನಿಂತಿದ್ದೇನೆ.

ಗಾಲ್ವೇ ನಗರದ ಒಂದು ಸಣ್ಣ ಪ್ರವಾಸ ಸಂಸ್ಥೆಯಲ್ಲಿ ತಂಡಗಳನ್ನು ಕರೆದೊಯ್ಯುವುದು ನನ್ನ ಕೆಲಸ. ಬೆಳಿಗ್ಗೆ ರೊಸವೀಲ್ ಬಂದರಿನಲ್ಲಿ ದೋಣಿ ಹತ್ತಿಸಿ, ಆರನ್ ದ್ವೀಪಗಳಲ್ಲಿ ದೊಡ್ಡದಾದ ಇನಿಶ್‌ಮೋರ್‌ಗೆ ಹೋಗಿ, ಸಂಜೆ ಎಲ್ಲರನ್ನೂ ಎಣಿಸಿಕೊಂಡು ಮರಳಿ ತರಬೇಕು. ಈ ಎಣಿಕೆಯೇ ಅರ್ಧ ಉದ್ಯೋಗ. ದ್ವೀಪವೆಂದರೆ ಬರಿಯ ಸುಣ್ಣದ ಕಲ್ಲು. ಮಣ್ಣಿಗಿಂತ ಬಂಡೆಯೇ ಹೆಚ್ಚು. ಅದರ ದಕ್ಷಿಣದ ಅಂಚಿನಲ್ಲಿ, ಸುಮಾರು 300 ಅಡಿ ಎತ್ತರದ ಕಡಿದಾದ ಬಂಡೆಯ ತುದಿಯಲ್ಲಿ ಡೂನ್ ಏಂಗಸ್ ಕೋಟೆ ಇದೆ. ಅರ್ಧಚಂದ್ರಾಕಾರದ ಗೋಡೆಗಳು ಒಂದರೊಳಗೊಂದು ಬಂದು ಅಟ್ಲಾಂಟಿಕ್ ಸಾಗರದ ಮೇಲೆ ಥಟ್ಟನೆ ನಿಂತುಬಿಡುತ್ತವೆ. ಒಟ್ಟು ವಿಸ್ತಾರ ಹದಿನಾಲ್ಕು ಎಕರೆಯಷ್ಟು. ಕ್ರಿಸ್ತಪೂರ್ವ 1100ರ ಸುಮಾರಿಗೆ ಇಲ್ಲಿ ಗೋಡೆ ಕಟ್ಟುವ ಕೆಲಸ ಶುರುವಾಗಿತ್ತು. ಉಳಿದರ್ಧ ಕೋಟೆ ಸಮುದ್ರಕ್ಕೆ ಬಿತ್ತೇ ಎಂದು ಪ್ರತಿ ತಂಡದಲ್ಲೂ ಒಬ್ಬರಾದರೂ ಕೇಳುತ್ತಾರೆ. ಮೊದಲಿನಿಂದಲೂ ಅರ್ಧವೇ ಇತ್ತು, ಬಂಡೆಯೇ ನಾಲ್ಕನೆಯ ಕಾವಲು ಎನ್ನುವವರೂ ಇದ್ದಾರೆ. ಹೊನ್ನಾವರದ ದಡದಿಂದ ಬಸವರಾಜದುರ್ಗದ ದ್ವೀಪವನ್ನು ನೋಡುತ್ತ ಬೆಳೆದ ನನಗೆ ಸಮುದ್ರದ ನಡುವಿನ ಕೋಟೆ ಹೊಸದಲ್ಲ. ಆದರೆ ಇದರ ವಯಸ್ಸಿನ ಮುಂದೆ ನಮ್ಮದು ನಿನ್ನೆ ಮೊನ್ನೆಯದು.

ನನ್ನ ಮೊದಲ ವರ್ಷ ಅದು. ತಂಡದ ಒಬ್ಬರು ಫೋಟೋಕ್ಕೆಂದು ಗೋಡೆಯ ತಗ್ಗಿನ ಭಾಗದ ಮೇಲೆ ಕುಳಿತರು. ಎದ್ದಾಗ ಎರಡು ಕಲ್ಲು ಉರುಳಿದವು. ಅವರು ಗಾಬರಿಯಾದರು. ನಾನು ನಕ್ಕು, ತೋಳು ಮಡಚಿ, ಎರಡನ್ನೂ ಎತ್ತಿ ಸಂದಿಯಲ್ಲಿ ಕೂರಿಸಿದೆ. ಅಲುಗಾಡಿಸಿ ನೋಡಿದೆ, ಗಟ್ಟಿಯಾಗಿತ್ತು. ಅಜ್ಜನ ಮೊಮ್ಮಗ ಎಂಬ ಹೆಮ್ಮೆಯೂ ಸ್ವಲ್ಪ ಬಂತೆನ್ನಿ.

ಸ್ವಲ್ಪ ಹೊತ್ತಿನಲ್ಲಿ ಕೋಟೆಯ ಸಿಬ್ಬಂದಿಯ ಮಹಿಳೆಯೊಬ್ಬರು ಸುತ್ತು ಹಾಕುತ್ತ ಬಂದು, ನೇರವಾಗಿ ಆ ಎರಡು ಕಲ್ಲುಗಳ ಮುಂದೆಯೇ ನಿಂತರು. "ಇದನ್ನು ಇಟ್ಟವರು ಯಾರು?"

ಹೇಗೆ ಗೊತ್ತಾಯಿತೆಂದು ನನಗೆ ಆಶ್ಚರ್ಯ. ಅವರು ಬೆರಳು ತೋರಿಸಿದರು. ಸುತ್ತಲಿನ ಕಲ್ಲುಗಳ ಮೇಲೆಲ್ಲ ಬೂದುಬಿಳಿಯ ಕಲ್ಲುಹೂವು ಹಬ್ಬಿತ್ತು. ನಾನಿಟ್ಟ ಕಲ್ಲುಗಳ ಮುಖ ಮಾತ್ರ ತೊಳೆದಂತೆ ಬೋಳಾಗಿತ್ತು. ಗಾಳಿ ಮಳೆ ಕಾಣದ ಒಳಮೈಯನ್ನು ಹೊರಗೆ ಮಾಡಿ ಇಟ್ಟಿದ್ದೆ.

ಅವರು ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು, ಎಲ್ಲರೆದುರು ತಾಳ್ಮೆಯಿಂದ ವಿವರಿಸಿದರು. 1930ರ ರಾಷ್ಟ್ರೀಯ ಸ್ಮಾರಕಗಳ ಕಾಯ್ದೆಯ ಪ್ರಕಾರ ಒಪ್ಪಿಗೆಯಿಲ್ಲದೆ ಇಂಥ ಸ್ಮಾರಕವನ್ನು ಕೆಡಹುವುದಷ್ಟೇ ಅಲ್ಲ, ಬದಲಾಯಿಸುವುದೂ ಅಪರಾಧ. ಕಲ್ಲು ಕಿತ್ತವನನ್ನೂ ನನ್ನಂಥ ರಿಪೇರಿಗಾರನನ್ನೂ ಆ ಸಾಲು ಒಟ್ಟಿಗೇ ನಿಲ್ಲಿಸುತ್ತದೆ. ಕಾನೂನಿಗಿಂತ ನನ್ನನ್ನು ಹೆಚ್ಚು ತಟ್ಟಿದ್ದು ಅವರು ಮುಂದೆ ಹೇಳಿದ ಮಾತು. 1880ರ ದಶಕದಲ್ಲಿ ಸರಕಾರವೇ ಈ ಗೋಡೆಗಳನ್ನು ದುರಸ್ತಿ ಮಾಡಿಸಿತು, ಅಲ್ಲಲ್ಲಿ ಒತ್ತುಗೋಡೆಗಳನ್ನೂ ಕಟ್ಟಿಸಿತು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ ಕೆಲಸ. ಆದರೆ ಹಳೆಯ ಕೈ ಎಲ್ಲಿ ಮುಗಿದು ಹೊಸ ಕೈ ಎಲ್ಲಿ ಶುರುವಾಯಿತೆಂದು ಬಿಡಿಸಿ ನೋಡುವುದು ಆಮೇಲೆ ಬಂದವರಿಗೆ ತಲೆನೋವಾಯಿತು. "ನಿಮ್ಮ ಎರಡು ಕಲ್ಲೂ ಅದೇ ಸಾಲಿಗೆ ಸೇರಿದವು" ಎಂದರು.

ಇಲ್ಲಿ ಇದ್ದದ್ದು ಇದ್ದಲ್ಲೇ ಇದ್ದರೆ ಮಾತ್ರ ಅದಕ್ಕೆ ಅರ್ಥ. 1990ರ ದಶಕದಲ್ಲಿ ಒಳಗೋಡೆಯ ಸುತ್ತ ಉತ್ಖನನ ಮಾಡಿದಾಗ ಗುಡಿಸಲುಗಳ ನೆಲಗಟ್ಟು, ಕಂಚಿನ ಆಯುಧಗಳನ್ನು ಎರಕ ಹೊಯ್ಯುವ ಮಣ್ಣಿನ ಅಚ್ಚಿನ ಚೂರುಗಳು, ತಿಂದು ಎಸೆದ ಚಿಪ್ಪುಗಳ ರಾಶಿ ಸಿಕ್ಕಿದವು. ನಮ್ಮ ಕಡೆ ಬಳಚು ತಿಂದು ಹಿತ್ತಿಲಿಗೆ ಚಿಪ್ಪು ಸುರಿದ ಹಾಗೆಯೇ. ಯಾರಾದರೂ ಉಸ್ತುವಾರಿ ಮನುಷ್ಯ ನಡುವೆ ಬಂದು ಗುಡಿಸಿ ಅಚ್ಚುಕಟ್ಟು ಮಾಡಿದ್ದರೆ ಆ ಊಟದ ಸುದ್ದಿ ನಮ್ಮವರೆಗೆ ಬರುತ್ತಿರಲಿಲ್ಲ.

ಆ ದಿನ ನನ್ನನ್ನು ಉಳಿಸಿದ್ದು ಬೀಳಿಸಿದವರೇ. ಕುಳಿತುಕೊಳ್ಳುವ ಮೊದಲು ಅವರು ಅದೇ ಗೋಡೆಯ ಚಿತ್ರ ತೆಗೆದಿದ್ದರು. ಆ ಮಹಿಳೆ ಚಿತ್ರವನ್ನು ಪಡೆದುಕೊಂಡು, ಕಲ್ಲುಗಳನ್ನು ಮುಟ್ಟದೆ ಬರೆದುಕೊಂಡು ಹೋದರು.

ಅಂದಿನಿಂದ ನನ್ನ ಪದ್ಧತಿ ಬದಲಾಗಿದೆ. ಮೊದಲು ಕೋಟೆ ತಲುಪಿದ ಮೇಲೆ ಎಚ್ಚರಿಕೆ ಹೇಳುತ್ತಿದ್ದೆ; ಅಷ್ಟರಲ್ಲಿ ಸಮುದ್ರ ಕಂಡ ಜನ ನನ್ನ ಮಾತು ಎಲ್ಲಿ ಕೇಳುತ್ತಾರೆ! ಈಗ ಕೆಳಗೆ ಕಿಲ್‌ಮರ್ವಿಯಲ್ಲಿ, ಏರು ಹತ್ತುವ ಮೊದಲೇ ಹೇಳುತ್ತೇನೆ. ಬಂಡೆಯಂಚಿಗೆ ಬೇಲಿಯಿಲ್ಲ, ನೋಡಲೇಬೇಕೆಂದರೆ ಹೊಟ್ಟೆಯ ಮೇಲೆ ಮಲಗಿ ನೋಡಿ. ಗೋಡೆಯ ಹೊರಗೆ ಶತ್ರುಗಳ ಕಾಲು ಮುರಿಯಲೆಂದು ನೆಟ್ಟ ಚೂಪುಗಲ್ಲುಗಳ ನಡುವೆ ದಾರಿ ಬಿಟ್ಟು ನುಗ್ಗಬೇಡಿ. ಅವು ಈಗಲೂ ಆ ಕೆಲಸ ಮರೆತಿಲ್ಲ. ಚಿಕ್ಕ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ ಗೋಪುರ ಮಾಡಬೇಡಿ. ಏನಾದರೂ ಬಿದ್ದರೆ ನನ್ನನ್ನು ಕರೆಯಿರಿ.

ಕಳೆದ ಬೇಸಿಗೆಯಲ್ಲಿ ಹಾಗೆಯೇ ಕರೆದರು. ಗೋಡೆಯ ಬುಡದಲ್ಲಿ ತೆಂಗಿನಕಾಯಿ ಗಾತ್ರದ ಒಂದು ಕಲ್ಲು ಬಿದ್ದಿತ್ತು. ಫೋಟೋ ತೆಗೆದು, ಒಬ್ಬರನ್ನು ಸಿಬ್ಬಂದಿಯ ಬಳಿಗೆ ಓಡಿಸಿ, ಯಾರೂ ಮುಟ್ಟದಂತೆ ಅದರ ಪಕ್ಕದಲ್ಲಿ ಇಪ್ಪತ್ತು ನಿಮಿಷ ಮಳೆಯಲ್ಲಿ ನಿಂತೆ. ಕೈ ತುರಿಸುತ್ತಿತ್ತು, ಜೇಬಿನಲ್ಲಿ ಇಟ್ಟುಕೊಂಡೆ. ದೋಣಿ ಸಿಕ್ಕಿತು, ಎಣಿಕೆಯೂ ಸರಿಹೋಯಿತು. ಆದರೆ ದ್ವೀಪದ ಹೆಸರಾಂತ ಉಣ್ಣೆಯ ಸ್ವೆಟರ್ ಕೊಳ್ಳಲು ಸಮಯ ಉಳಿಯಲಿಲ್ಲವೆಂದು ಇಬ್ಬರು ಅಭಿಪ್ರಾಯದ ಹಾಳೆಯಲ್ಲಿ ನನಗೆ ಐದಕ್ಕೆ ಎರಡು ಕೊಟ್ಟಿದ್ದಾರೆ.