ಬೆಡ್ ಎಲ್ಲಿದೆ ಎಂದು ಕೇಳಿದ ಕೋರ್ಟು

ಕೆನಡಾದ ಕಿಚನರ್ ಊರಿನ ನಡುವೆ, ವಿಕ್ಟೋರಿಯಾ ಮತ್ತು ವೆಬರ್ ರಸ್ತೆಗಳು ಸೇರುವಲ್ಲಿ, ಜಲ್ಲಿ ಹರಡಿದ ಒಂದು ಖಾಲಿ ಸೈಟಿದೆ. ವಿಳಾಸ 100 ವಿಕ್ಟೋರಿಯಾ ಸ್ಟ್ರೀಟ್ ನಾರ್ತ್. ಆಂಟಾರಿಯೋ ಪ್ರಾಂತ್ಯದ ಈ ಭಾಗಕ್ಕೆ ಕೆಲಸಕ್ಕೋ ಓದಿಗೋ ಬರುವ ನಮ್ಮವರು, ಮನೆ ಇಲ್ಲದವರು ಅಲ್ಲಿ ಹಾಕಿಕೊಂಡ ಟೆಂಟುಗಳನ್ನು ನೋಡಿ ಕೇಳುವ ಪ್ರಶ್ನೆ ಒಂದೇ: "ಇಷ್ಟು ಶ್ರೀಮಂತ ದೇಶ, ಇವರನ್ನು ಯಾರೂ ಎಬ್ಬಿಸಲ್ವಾ?"

ಎಬ್ಬಿಸಲು ನೋಡಿದರು. ಆಗಲಿಲ್ಲ. ಆ ಜಾಗ ವಾಟರ್ಲೂ ರೀಜನ್ ಎಂಬ ಸ್ಥಳೀಯ ಸರ್ಕಾರದ್ದು. ನಮ್ಮ ಜಿಲ್ಲಾ ಪಂಚಾಯಿತಿಗೆ ಇನ್ನೂ ಹೆಚ್ಚು ಅಧಿಕಾರ ಕೊಟ್ಟರೆ ಹೇಗಿರುತ್ತದೋ ಹಾಗೆ. 2022ರಲ್ಲಿ ಅದು ಖಾಲಿ ಮಾಡಿ ಎಂದು ನೋಟಿಸ್ ಕೊಟ್ಟಿತು, ಜನ ಕದಲಲಿಲ್ಲ, ಕೊನೆಗೆ ಕೋರ್ಟಿಗೆ ಹೋಯಿತು. ಪ್ರತಿವಾದಿಗಳ ಹೆಸರಿನ ಜಾಗದಲ್ಲಿ ಬರೆದದ್ದು "ಅಪರಿಚಿತ ವ್ಯಕ್ತಿಗಳು" ಎಂದು. ಆ ಅಪರಿಚಿತರ ಪರವಾಗಿ ಉಚಿತ ಕಾನೂನು ನೆರವಿನ ವಕೀಲರು ನಿಂತರು. ಟೆಂಟಿನಲ್ಲಿದ್ದವರೇ ತಮ್ಮ ಕಥೆಯನ್ನು ಅಫಿಡವಿಟ್ಟಿನಲ್ಲಿ ಹೇಳಿಕೊಂಡರು.

2023ರ ಜನವರಿ 27ರಂದು ತೀರ್ಪು ಬಂತು. ಕೆನಡಾ ಸಂವಿಧಾನದ ಭಾಗವಾದ ಹಕ್ಕುಗಳ ಚಾರ್ಟರಿನ 7ನೇ ಸೆಕ್ಷನ್ ಪ್ರತಿಯೊಬ್ಬರಿಗೂ ಜೀವ, ಸ್ವಾತಂತ್ರ್ಯ, ದೇಹದ ಭದ್ರತೆಯ ಹಕ್ಕು ಕೊಡುತ್ತದೆ. ಮನೆ ಇಲ್ಲದವರ ಸಂಖ್ಯೆ ಶೆಲ್ಟರಿನ (ಅವರಿಗೆಂದೇ ಇರುವ ತಾತ್ಕಾಲಿಕ ತಂಗುದಾಣದ) ಬೆಡ್‌ಗಳಿಗಿಂತ ಜಾಸ್ತಿ ಇರುವಷ್ಟು ದಿನ ಇವರನ್ನು ಇಲ್ಲಿಂದ ಓಡಿಸುವುದು ಆ ಹಕ್ಕಿಗೆ ವಿರುದ್ಧ ಎಂದರು ನ್ಯಾಯಾಧೀಶರು. ರೀಜನ್‌ನಲ್ಲಿ ಮನೆ ಇಲ್ಲದವರು ಸಾವಿರಕ್ಕೂ ಹೆಚ್ಚು. ಬೆಡ್‌ಗಳು ಅಷ್ಟಿರಲಿಲ್ಲ. ಅಲ್ಲಿಗೆ ಮುಗಿಯಿತು.

ನಿಜಕ್ಕೂ ಮುಗಿಯಲಿಲ್ಲ ಅನ್ನಿ, ಲೆಕ್ಕ ಅಷ್ಟು ಸರಳವಲ್ಲ. ಬೆಡ್ ಖಾಲಿ ಇದ್ದರೆ ಸಾಲದು, ಆ ಮನುಷ್ಯನಿಗೆ ಅದು ದಕ್ಕುವಂತಿರಬೇಕು. ಗಂಡ ಹೆಂಡತಿಯನ್ನು ಬೇರೆ ಮಾಡುವ ಶೆಲ್ಟರ್ ಇದೆ. ನಾಯಿಯನ್ನು ಒಳಗೆ ಬಿಡದ್ದಿದೆ. ಡ್ರಗ್ಸ್ ಚಟ ಇರುವವರು ಒಳಗೆ ಮುಟ್ಟುವಂತಿಲ್ಲ ಎನ್ನುವುದಿದೆ. ಒಮ್ಮೆ ಜಗಳವಾಗಿ ಹೊರಹಾಕಿಸಿಕೊಂಡವನಿಗೆ ಎಷ್ಟೋ ದಿನ ಬಾಗಿಲು ಮುಚ್ಚಿರುತ್ತದೆ. ಅಧಿಕಾರಿಗಳ ಎಕ್ಸೆಲ್ ಶೀಟಿನಲ್ಲಿ ಖಾಲಿ ಕಾಣುವ ಬೆಡ್ ಇಂಥವರಿಗೆ ಇದ್ದೂ ಇಲ್ಲದಂತೆ. ಕೋರ್ಟು ಇದನ್ನೂ ಲೆಕ್ಕಕ್ಕೆ ತೆಗೆದುಕೊಂಡದ್ದು ನನಗೆ ದೊಡ್ಡ ವಿಷಯ ಅನ್ನಿಸಿತು. ಕಾಗದದ ಮೇಲಿನ ಸೌಲಭ್ಯವನ್ನು ಸೌಲಭ್ಯ ಎಂದು ಒಪ್ಪದ ಕೋರ್ಟುಗಳು ಕಡಿಮೆ.

ಈ ವಾದದ ಮೂಲ ಪಶ್ಚಿಮ ತೀರದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ವಿಕ್ಟೋರಿಯಾ ನಗರದಲ್ಲಿದೆ. ಅಲ್ಲಿ ಪಾರ್ಕಿನಲ್ಲಿ ಮಲಗಬಹುದಿತ್ತು, ಆದರೆ ತಲೆಯ ಮೇಲೆ ಟಾರ್ಪಾಲಾಗಲಿ ರಟ್ಟಾಗಲಿ ಕಟ್ಟುವಂತಿರಲಿಲ್ಲ. ಮಳೆಯ ಊರು ಅದು! ಆ ಹೊತ್ತಿಗೆ ಮನೆ ಇಲ್ಲದವರು ಸಾವಿರಕ್ಕೂ ಹೆಚ್ಚು, ಶೆಲ್ಟರ್ ಬೆಡ್ 141, ಹವಾಮಾನ ತೀರಾ ಕೆಟ್ಟರೆ 326. ಮನೆ ಇಲ್ಲದವರಿಗೆ ಈ ನಿಯಮ ಅನ್ವಯಿಸುವುದಿಲ್ಲ ಎಂದು 2008ರಲ್ಲಿ ಕೋರ್ಟು ಹೇಳಿತು, ಮೇಲ್ಮನವಿ ಕೋರ್ಟು 2009ರಲ್ಲಿ ಎತ್ತಿಹಿಡಿಯಿತು. ಸಿಕ್ಕಿದ್ದು ರಾತ್ರಿಯ ಹಕ್ಕು ಮಾತ್ರ. ಬೆಳಗಾದರೆ ಟೆಂಟ್ ಮಡಚಿ, ಗಂಟುಮೂಟೆ ಹೊತ್ತು ಊರು ಸುತ್ತಬೇಕು. ಕಾಯಿಲೆಯವರು ಏನು ಮಾಡಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿರಲಿಲ್ಲ.

ಅದೇ ಪ್ರಾಂತ್ಯದ ಆಬಟ್ಸ್‌ಫರ್ಡ್‌ನಲ್ಲಿ 2013ರಲ್ಲಿ ನಗರಸಭೆಯ ಕೆಲಸಗಾರರು ಬಿಡಾರದ ಜಾಗದಲ್ಲಿ ಕೋಳಿಗೊಬ್ಬರ ಸುರಿದರು. ಹೌದು, ಕೋಳಿಗೊಬ್ಬರ. ಮೇಯರ್ ಆಮೇಲೆ ಕ್ಷಮೆ ಕೇಳಿದರು. 2015ರಲ್ಲಿ ಕೋರ್ಟು ಅಲ್ಲಿಯೂ ರಾತ್ರಿ ಏಳರಿಂದ ಬೆಳಗ್ಗೆ ಒಂಬತ್ತರವರೆಗೆ ಟೆಂಟಿಗೆ ಅವಕಾಶ ಕೊಟ್ಟಿತು.

ಹಾಗಂತ ಎಲ್ಲಿ ಬೇಕಾದರೂ ಗುಡಾರ ಹಾಕಿ ಕೂರಬಹುದು ಎಂದಲ್ಲ. 2015ರಲ್ಲಿ ವಿಕ್ಟೋರಿಯಾದ ಕೋರ್ಟಿನ ಅಂಗಳದಲ್ಲೇ ಟೆಂಟುಗಳೆದ್ದವು. 2016ರ ಏಪ್ರಿಲ್‌ನಲ್ಲಿ ಮುಖ್ಯ ನ್ಯಾಯಾಧೀಶ ಹಿಂಕ್ಸನ್ ತೆರವಿಗೆ ಒಪ್ಪಲಿಲ್ಲ. ಜುಲೈ ಹೊತ್ತಿಗೆ ಬೆಂಕಿಯ ಭಯ, ಕೊಳಕು, ಗಲಾಟೆ ಹೆಚ್ಚಿತ್ತು, ಸರ್ಕಾರವೂ ಅವರಿಗೆ ಮನೆ ಹೊಂದಿಸಲು ಮುಂದೆ ಬಂದಿತ್ತು. ಆಗ ಅದೇ ನ್ಯಾಯಾಧೀಶರು ತೆರವಿಗೆ ಆದೇಶ ಕೊಟ್ಟರು. ಆಂಟಾರಿಯೋದ ಕಿಂಗ್‌ಸ್ಟನ್‌ನಲ್ಲಿ 2023ರಲ್ಲಿ ರಾತ್ರಿಗೆ ಸರಿ, ಹಗಲಿಗೆ ಇಲ್ಲ ಎಂಬ ತೀರ್ಪು. ನಮ್ಮಿಂದ ಒಂದು ಗಂಟೆ ದೂರದ ಹ್ಯಾಮಿಲ್ಟನ್‌ನಲ್ಲಿ 2024ರ ಡಿಸೆಂಬರಿನಲ್ಲಿ ಮನೆ ಇಲ್ಲದವರ ಅರ್ಜಿಯನ್ನೇ ವಜಾ ಮಾಡಿದರು. ಚಾರ್ಟರ್ ಒಂದೇ, ಊರೂರಿಗೆ ಉತ್ತರ ಬೇರೆ.

ಆದೇಶ ಸಿಗದಿದ್ದರೂ ಕೈ ಹಾಕಿದವರಿದ್ದಾರೆ. ಬ್ರಿಟಿಷ್ ಕೊಲಂಬಿಯಾದ ಪ್ರಿನ್ಸ್ ಜಾರ್ಜ್ ಎಂಬ ಉತ್ತರದ ಊರಿನಲ್ಲಿ 2021ರ ಅಕ್ಟೋಬರಿನಲ್ಲಿ ಕೋರ್ಟು ತೆರವಿಗೆ ಒಪ್ಪಲಿಲ್ಲ. ಮುಂದಿನ ತಿಂಗಳೇ ನಗರಸಭೆ ಹೋಗಿ ಗುಡಿಸಲುಗಳನ್ನು ಕೆಡವಿತು. ಅದು ಆದೇಶದ ಉಲ್ಲಂಘನೆ ಎಂದು 2022ರಲ್ಲಿ ಇನ್ನೊಬ್ಬ ನ್ಯಾಯಾಧೀಶರು ಹೇಳಿದ ಮೇಲೆ ಆ ನಗರಸಭೆಯೂ ಕ್ಷಮೆ ಕೇಳಿತು. ಕಳೆದುಕೊಂಡ ಸಾಮಾನು ಕ್ಷಮೆಯಿಂದ ಬರುವುದಿಲ್ಲ, ಬಿಡಿ.

ಗಡಿಯಾಚೆ ಅಮೆರಿಕದಲ್ಲಿ ಗಾಳಿ ಬೇರೆ ಕಡೆ ಬೀಸಿದೆ. ಆರಿಗಾನ್‌ನ ಗ್ರಾಂಟ್ಸ್ ಪಾಸ್ ಊರಿನ ಮೊಕದ್ದಮೆಯಲ್ಲಿ, ಹೊರಗೆ ಬಿಡಾರ ಹಾಕಿದರೆ ದಂಡ ಹಾಕುವುದು ಕ್ರೂರ ಶಿಕ್ಷೆಯಲ್ಲ ಎಂದು 2024ರ ಜೂನಿನಲ್ಲಿ ಸುಪ್ರೀಂ ಕೋರ್ಟು 6-3ರಲ್ಲಿ ತೀರ್ಮಾನಿಸಿತು. ನಮ್ಮ ದೇಶದಲ್ಲಿ 1985ರ ಬಾಂಬೆ ಫುಟ್‌ಪಾತ್ ವಾಸಿಗಳ ಪ್ರಕರಣ ನೆನಪಿರಬಹುದು. ಬದುಕುವ ಹಕ್ಕಿನಲ್ಲಿ ಹೊಟ್ಟೆಪಾಡಿನ ಹಕ್ಕೂ ಸೇರಿದೆ ಎಂದ ನಮ್ಮ ಸುಪ್ರೀಂ ಕೋರ್ಟು, ಕ್ರಮಪ್ರಕಾರ ತೆರವು ಮಾಡಬಹುದು ಎಂದೂ ಹೇಳಿತ್ತು.

ಇಲ್ಲಿನ ಕನ್ನಡದವರಲ್ಲೂ ಇದರ ಬಗ್ಗೆ ಒಮ್ಮತವಿಲ್ಲ. "ನಾವು ಇಷ್ಟು ಟ್ಯಾಕ್ಸ್ ಕಟ್ಟುತ್ತೇವೆ, ಮಕ್ಕಳನ್ನು ಆ ದಾರಿಯಲ್ಲಿ ಕರೆದುಕೊಂಡು ಹೋಗೋಕೆ ಭಯ" ಎನ್ನುವವರಿದ್ದಾರೆ. ಅವರ ಭಯ ಸುಳ್ಳಲ್ಲ. ಸಿರಿಂಜ್ ಬಿದ್ದಿರುತ್ತದೆ, ಬೆಂಕಿ ಹತ್ತಿದ್ದೂ ಇದೆ. ಆದರೆ ಇಲ್ಲಿ ಜನವರಿಯ ರಾತ್ರಿ ಮೈನಸ್ 20ಕ್ಕೆ ಇಳಿಯುತ್ತದೆ. ಎಬ್ಬಿಸಿದವರು ಮಾಯವಾಗುವುದಿಲ್ಲ, ಸೇತುವೆ ಕೆಳಗೋ ಕಾಡಿನ ಅಂಚಿಗೋ ಹೋಗುತ್ತಾರೆ, ನರ್ಸ್, ಆಂಬುಲೆನ್ಸ್ ಹುಡುಕಿದರೂ ಸಿಗದ ಕಡೆಗೆ. ಹಾಗಾಗಿ ನನ್ನ ಮನಸ್ಸು ತೀರ್ಪಿನ ಕಡೆಗೇ ವಾಲುತ್ತದೆ. ಅದು ಯಾರಿಗೂ ಮನೆ ಕೊಡಲಿಲ್ಲ, ಮನೆ ಕೊಡಿ ಎಂದು ಸರ್ಕಾರಕ್ಕೂ ಹೇಳಲಿಲ್ಲ. ಹೋಗಲು ಜಾಗವಿಲ್ಲದವನಿಗೆ ಹೋಗು ಅನ್ನಬೇಡಿ ಎಂದಿತು, ಅಷ್ಟೇ.

ಆ ಅಷ್ಟೂ ಹಲವರಿಗೆ ಜಾಸ್ತಿಯಾಯಿತು. 2024ರ ಕೊನೆಯಲ್ಲಿ ಆಂಟಾರಿಯೋದ ಹತ್ತಕ್ಕೂ ಹೆಚ್ಚು ಮೇಯರ್‌ಗಳು ಪ್ರೀಮಿಯರ್ (ನಮ್ಮಲ್ಲಿನ ಮುಖ್ಯಮಂತ್ರಿಯಂತೆ) ಡಗ್ ಫೋರ್ಡ್ ಅವರಿಗೆ ಪತ್ರ ಬರೆದರು. ಚಾರ್ಟರಿನ 33ನೇ ಸೆಕ್ಷನ್ ಬಳಸಿ ಈ ತೀರ್ಪುಗಳನ್ನು ಬದಿಗಿಡಿ ಎಂಬುದು ಅವರ ಬೇಡಿಕೆ. ಆ ಸೆಕ್ಷನ್ ಬಳಸಿದರೆ ಶಾಸನಸಭೆ ಕೆಲವು ಹಕ್ಕುಗಳನ್ನು ಐದು ವರ್ಷದ ಮಟ್ಟಿಗೆ ದಾಟಿಹೋಗಬಹುದು. ಇನ್ನು ವಾಟರ್ಲೂ ರೀಜನ್ 2025ರ ಏಪ್ರಿಲ್‌ನಲ್ಲಿ ಆ ಒಂದು ಸೈಟಿಗಾಗಿಯೇ ಹೊಸ ಬೈಲಾ ಮಾಡಿತು. ರೈಲು, ಬಸ್ಸು ಸೇರುವ ಟ್ರಾನ್ಸಿಟ್ ಹಬ್ ಕಟ್ಟಲು ಜಾಗ ಬೇಕು, ಡಿಸೆಂಬರ್ ಒಂದರೊಳಗೆ ಖಾಲಿ ಮಾಡಿ ಎಂದಿತು. ಹಬ್ ಬೇಕು, ಟೊರಾಂಟೊಗೆ ಓಡಾಡುವ ನಮ್ಮಂಥವರಿಗಂತೂ ಬೇಕೇ ಬೇಕು. ಪ್ರಕರಣ ಮತ್ತೆ ಕೋರ್ಟಿಗೆ ಹೋಯಿತು, ಕೇಳಬೇಕಾದ ಪ್ರಶ್ನೆಯೂ ಮತ್ತೆ ಅದೇ: ಇವರಿಗೆ ಬೆಡ್ ಎಲ್ಲಿದೆ?