ಪ್ಯಾರಿಸ್‌ಗೆ ಹೊರಡುವ ಮುಂಚೆ

ನನ್ನ ಮಗಳಿಗೆ ಪ್ಯಾರಿಸ್ ಅಂದರೆ ಐಫೆಲ್ ಗೋಪುರ ಅಲ್ಲ, 30 ಅವೆನ್ಯೂ ಮೊಂತೇನ್. 1946ರಲ್ಲಿ ಕ್ರಿಶ್ಚಿಯನ್ ಡಿಯೋರ್ ತನ್ನ ಫ್ಯಾಷನ್ ಸಂಸ್ಥೆ ಶುರು ಮಾಡಿದ ವಿಳಾಸ ಅದು. 2022ರಿಂದ ಅಲ್ಲಿ ಹಳೇ ಗೌನುಗಳ ಗ್ಯಾಲರಿ ಇದೆ. ಟಿಕೆಟ್ ಮೊದಲೇ ಬುಕ್ ಮಾಡು ಅಂತ ದಿನಾ ಪ್ರಾಣ ತಿನ್ನುತ್ತಾಳೆ.

ಫ್ರಾನ್ಸ್‌ನಲ್ಲಿ ದೊಡ್ಡ ಸೇಲ್ ಯಾವಾಗ ಅಂತ ಕಾನೂನೇ ಹೇಳುತ್ತದೆ! ಜನವರಿಯಲ್ಲಿ ಒಂದು, ಜೂನ್ ಕೊನೆಗೆ ಇನ್ನೊಂದು, ತಲಾ ನಾಲ್ಕು ವಾರ. ಅಷ್ಟರಲ್ಲಿ ಬೆಂಗಳೂರಿನ ಬೇಸಿಗೆ ರಜೆ ಮುಗಿದಿರುತ್ತದೆ. ಅವಳಿಗೆ ಬೇಜಾರು, ನನ್ನ ಪರ್ಸ್‌ಗೆ ಖುಷಿ. ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ ಒಂದು ಟಾಪ್‌ಗೆ ಅರ್ಧ ದಿನ ಸುತ್ತಿಸುವವಳು, ಪ್ಯಾರಿಸ್‌ನ ಮರೇ ಬಡಾವಣೆಯ ವಿಂಟೇಜ್ ಬಟ್ಟೆ ಅಂಗಡಿಗಳಿಗೆ ನುಗ್ಗಿದರೆ ಹೊರಗೆ ಬರುತ್ತಾಳಾ?

ಊಟದ ಕತೆ ಕೇಳಲೇಬೇಡಿ. ಉಪ್ಪಿಟ್ಟಿನಿಂದ ಕರಿಬೇವು, ಈರುಳ್ಳಿ ಎಲ್ಲ ಆರಿಸಿ ತಟ್ಟೆ ಅಂಚಿಗೆ ಪೇರಿಸುವ ಮಹಾತಾಯಿ ಇವಳು. ಗಾರ್ ದು ನೋರ್ ಸ್ಟೇಷನ್ ಹತ್ತಿರ, ಲಾ ಶಾಪೆಲ್ ಕಡೆ, ಶ್ರೀಲಂಕಾ ತಮಿಳರ ಹೋಟೆಲುಗಳಿವೆ, ದೋಸೆ ಸಿಗುತ್ತೆ ಕಣೇ ಅಂದೆ.

"ಅಮ್ಮಾ, ಪ್ಯಾರಿಸ್‌ಗೆ ಹೋಗಿ ದೋಸೆನಾ?"

ಮುಖ ಸಿಂಡರಿಸಿ ಎದ್ದು ಹೋದಳು. ನಾನು ಮಾತ್ರ ರೂಮು ಆ ಕಡೆಗೇ ನೋಡುತ್ತಿದ್ದೇನೆ. ಎರಡನೇ ದಿನ ಹಸಿವಾದಾಗ ಮಾತಾಡೋಣ, ಅಲ್ವಾ?