ಕಚ್ಚಿದ ಕಡುಬು

ಈ ದೀಪಾವಳಿಗೂ ರಾತ್ರಿ ಪಾಳಿ ನನ್ನದೇ. ಸಹೋದ್ಯೋಗಿಗೆ 4 ವರ್ಷದ ಮಗಳು. ಗೋಪೂಜೆಗೆ ತೀರ್ಥಹಳ್ಳಿ ಕಡೆಯ ಊರಿಗೆ ಹೋಗಬೇಕಿತ್ತು. "ನಿನಗೇನು, ಮಕ್ಕಳಿಲ್ಲವಲ್ಲ" ಎಂದರು ಯಾರೋ.

ಮಕ್ಕಳಿಲ್ಲ, ನಿಜ. ಅಮ್ಮ ಇದ್ದಾಳೆ. ಸಾಗರದಲ್ಲಿ, ಒಬ್ಬಳೇ ಹಸುವಿಗೆ ಚೆಂಡುಹೂವಿನ ಹಾರ ಕಟ್ಟುತ್ತಾ. ಹೇಳಲು ಹೋಗಲಿಲ್ಲ.

ಇವತ್ತು ಶಿವಮೊಗ್ಗಕ್ಕೆ ಮರಳಿದ ಸಹೋದ್ಯೋಗಿ ಸ್ಟೀಲ್ ಡಬ್ಬಿ ಕೈಗಿತ್ತಳು. ಸೌತೆಕಾಯಿ ಕಡುಬು. ಮುಚ್ಚಳ ತೆಗೆದದ್ದೇ ತಡ, ಅರಿಶಿನ ಎಲೆಯ ಘಮಕ್ಕೆ ವಾರ್ಡಿನ ಸ್ಪಿರಿಟ್ ವಾಸನೆ ಸೋತಿತು. 5 ಕಡುಬಿನಲ್ಲಿ ಒಂದಕ್ಕೆ ಪುಟ್ಟ ಹಲ್ಲಿನ ಗುರುತು, ಅರ್ಧಚಂದ್ರದ ಹಾಗೆ.

"ರುಚಿ ನೋಡಿಯೇ ಕೊಡಬೇಕೆಂದು ಹಟ ಮಾಡಿದಳು" ಎಂದು ಸಹೋದ್ಯೋಗಿ ಮುಖ ಚಿಕ್ಕದು ಮಾಡಿಕೊಂಡಳು.

ಮೊದಲು ತಿಂದದ್ದು ಅದನ್ನೇ. ಉಳಿದವು ಅಮ್ಮನಿಗೆ, ನಾಳೆ ಬೆಳಗಿನ ಬಸ್ಸಿಗೆ.

ಯುಗಾದಿಯ ಪಾಳಿಯ ಬಗ್ಗೆ ಈಗಲೇ ಕೇಳಬೇಡಿ.